ಬಾಬುರಾವ್ ಪೇಂಟರ್

ಬಾಬುರಾವ್ ಪೇಂಟರ್ (ಮೂಲ ಹೆಸರು: ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ಜನನ: 3 ಜೂನ್ 1890, ಕೊಲ್ಹಾಪುರ – ನಿಧನ: 16 ಜನವರಿ 1954) ಭಾರತೀಯ ಮೂಕಿಚಿತ್ರಗಳ ಕಾಲದ ಪ್ರಮುಖ ನಿರ್ದೇಶಕರು, ಚಿತ್ರಕಾರರು ಮತ್ತು ಶಿಲ್ಪಿ. ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಸ್ಥಾಪಕರಾದ ಇವರು ಕಡಿಮೆ ಬಂಡವಾಳದಲ್ಲಿ, ಸ್ವದೇಶದಲ್ಲೇ ತಯಾರಿಸಿದ ಕ್ಯಾಮೆರಾದಿಂದ ಚಲನಚಿತ್ರಗಳನ್ನು ನಿರ್ಮಿಸಿದರು. ಇವರ 'ಸೈರಂಧ್ರಿ' (1920) ಚಿತ್ರದ ಕೀಚಕವಧೆಯ ದೃಶ್ಯವು ಪ್ರಸಾಧನ ಹಾಗೂ ದೃಶ್ಯಭ್ರಮೆಯ ಬಲದಿಂದ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು ಮತ್ತು ಸೆನ್ಸಾರ್ ಕತ್ತರಿಗೆ ಗುರಿಯಾಯಿತು. ಇವರು 1937ರಲ್ಲಿ ನಿರ್ದೇಶಿಸಿದ 'ಸಾಧ್ವಿ ಮೀರಾಬಾಯಿ' ಚಿತ್ರದ ನಾಯಕಪಾತ್ರಧಾರಿ ಬಾಲಗಂಧರ್ವರ ಮೂಲಕ ಇವರ ಕಥೆಯು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಕಲಾವಿದೆ ಗೋಹರಬಾಯಿ ಕರ್ನಾಟಕಿಯವರ ಜೀವನದೊಡನೆ ಸೇರಿಕೊಳ್ಳುತ್ತದೆ.

ಹಿನ್ನೆಲೆ

ಕೊಲ್ಹಾಪುರವು ಕೃಷ್ಣೆಯ ಉಪನದಿಯಾದ ಪಂಚಗಂಗೆಯ ದಡದಲ್ಲಿದೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪ್ರದೇಶವು ಅದೇ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆ. ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಮತ್ತು ಮುಧೋಳಗಳು ಕೊಲ್ಹಾಪುರದಂತೆಯೇ ದೇಶೀ ಸಂಸ್ಥಾನಗಳಾಗಿದ್ದವು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ, ರಬಕವಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿದ್ದ ಈ ವಿಶಾಲ ಭೂಭಾಗದಲ್ಲಿ ಬಯಲಾಟ, ಶ್ರೀಕೃಷ್ಣ ಪಾರಿಜಾತ, ಕಂಪನಿ ನಾಟಕ ಮತ್ತು ಸಂಗೀತ ನಾಟಕಗಳು ಒಂದರ ಪಕ್ಕದಲ್ಲೊಂದು ಬೆಳೆದವು. ಪೇಂಟರ್ ಅವರು ಮೊದಲು ದುಡಿದದ್ದು ಇಂತಹ ನಾಟಕಲೋಕದಲ್ಲಿ.

ಆರಂಭಿಕ ಜೀವನ

ಬಾಬುರಾವ್ ಅವರ ತಂದೆ ಕೃಷ್ಣರಾವ್ ಮೇಸ್ತ್ರಿ ಕುಶಲಕರ್ಮಿಗಳಾಗಿದ್ದರು. ಮರ, ಲೋಹ ಮತ್ತು ಬಣ್ಣದ ಕೆಲಸಗಳು ಮನೆಯಲ್ಲೇ ನಡೆಯುತ್ತಿದ್ದುದರಿಂದ ಬಾಬುರಾವ್ ಯಾವ ಕಲಾಶಾಲೆಯನ್ನೂ ಸೇರದೆ ಚಿತ್ರಕಲೆ ಹಾಗೂ ಶಿಲ್ಪಕಲೆಯನ್ನು ಸ್ವಂತ ಅಭ್ಯಾಸದಿಂದ ಕಲಿತರು. ಬಂಧು ಆನಂದರಾವ್ ಪೇಂಟರ್ ಅವರೊಡಗೂಡಿ 1910ರಿಂದ ಕೆಲವು ವರ್ಷ ನಾಟಕ ಮಂಡಳಿಗಳಿಗೆ ಪರದೆಗಳನ್ನು ಬರೆದುಕೊಟ್ಟರು. ಕೇಶವರಾವ್ ಭೋಸಲೆಯವರು 1908ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿಸಿದ ಲಲಿತಕಲಾದರ್ಶ ನಾಟಕ ಮಂಡಳಿಯು ಇವುಗಳಲ್ಲಿ ಮುಖ್ಯವಾದುದು. ಪರದೆಗಳ ಕೆಲಸದಿಂದಲೇ 'ಪೇಂಟರ್' ಎಂಬ ಹೆಸರು ಇಬ್ಬರಿಗೂ ಅಂಟಿಕೊಂಡಿತು.

ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' (1913) ಚಿತ್ರವನ್ನು ಕಂಡ ಬಳಿಕ ಇಬ್ಬರೂ ಚಲನಚಿತ್ರದತ್ತ ತಿರುಗಿದರು. ಒಂದು ಪ್ರೊಜೆಕ್ಟರ್ ಕೊಂಡು ಚಿತ್ರಪ್ರದರ್ಶನ ನಡೆಸುತ್ತ, ಅದರಿಂದ ಬಂದ ಅನುಭವದಲ್ಲಿ ಸ್ವತಃ ಕ್ಯಾಮೆರಾ ತಯಾರಿಸಲು ಮುಂದಾದರು. ಕೆಲಸ ಮುಗಿಯುವ ಮೊದಲೇ, 1916ರಲ್ಲಿ, ಆನಂದರಾವ್ ನಿಧನರಾದರು. ಬಾಬುರಾವ್ ಅವರು ಶಿಷ್ಯ ವಿಷ್ಣುಪಂತ ದಾಮ್ಲೆಯವರ ನೆರವಿನಿಂದ 1918ರಲ್ಲಿ ಕ್ಯಾಮೆರಾವನ್ನು ಪೂರ್ಣಗೊಳಿಸಿದರು.

ಮಹಾರಾಷ್ಟ್ರ ಫಿಲ್ಮ್ ಕಂಪನಿ

ಕ್ಯಾಮೆರಾ ಸಿದ್ಧವಾದರೂ ಚಿತ್ರನಿರ್ಮಾಣಕ್ಕೆ ಹಣವಿರಲಿಲ್ಲ. ಗಾಯಕಿ ತಾನಿಬಾಯಿ ಕಾಗಲ್ಕರ್ ಅವರು ಬಂಡವಾಳ ಒದಗಿಸಿದ ಮೇಲೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಾರ್ಯಾರಂಭ ಮಾಡಿತು. ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರ ಪ್ರೋತ್ಸಾಹವೂ ದೊರೆಯಿತು. ದಾಮ್ಲೆ, ಎಸ್. ಫತ್ತೇಲಾಲ್, ಬಾಬುರಾವ್ ಪೆಂಢಾರ್ಕರ್ ಮುಂತಾದವರು ಇಲ್ಲಿ ಕೆಲಸ ಮಾಡಿದರು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿಯೂ ಅಲ್ಲಿನ ತಗಡಿನ ಚಿತ್ರಮಂದಿರದಲ್ಲಿಯೂ ದುಡಿದಿದ್ದ ವಿ. ಶಾಂತಾರಾಮ್ ಇಲ್ಲಿಗೇ ಬಂದು ಚಿತ್ರನಿರ್ಮಾಣವನ್ನು ಕಲಿತರು.

ಸಂಸ್ಥೆಯಲ್ಲಿ ಕೆಲಸಗಳ ನಡುವೆ ಬಿಗಿಯಾದ ವಿಂಗಡಣೆ ಇರಲಿಲ್ಲ. ಸೆಟ್ ಕಟ್ಟುವುದು, ಬಣ್ಣ ಬಳಿಯುವುದು, ನಟಿಸುವುದು, ಫಿಲ್ಮ್ ಸಂಸ್ಕರಿಸುವುದು ಎಲ್ಲವನ್ನೂ ಅದೇ ಸಣ್ಣ ಗುಂಪು ಹಂಚಿಕೊಳ್ಳುತ್ತಿತ್ತು. ಪೇಂಟರ್ ಅವರು ಪಾತ್ರಗಳ ವೇಷ, ಆಭರಣ, ನಿಲುವು ಮತ್ತು ಚಲನೆಗಳನ್ನು ಮೊದಲೇ ರೇಖಾಚಿತ್ರಗಳಲ್ಲಿ ಬರೆದಿಡುತ್ತಿದ್ದರು. ಬರೆದ ಪರದೆಗಳ ಬದಲು ಘನಾಕೃತಿಯ ಸೆಟ್‌ಗಳನ್ನು ಬಳಸಿದ್ದು ಇವರ ಮತ್ತೊಂದು ವಿಶೇಷ.

ಸೈರಂಧ್ರಿ

ಸಂಸ್ಥೆಯ ಮೊದಲ ಪ್ರಮುಖ ಚಿತ್ರ 'ಸೈರಂಧ್ರಿ' 7 ಫೆಬ್ರವರಿ 1920ರಂದು ಪುಣೆಯ ಆರ್ಯನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅಜ್ಞಾತವಾಸದಲ್ಲಿದ್ದ ದ್ರೌಪದಿಯನ್ನು ಕಾಡಿದ ಕೀಚಕನನ್ನು ಭೀಮನು ಕೊಲ್ಲುವ ಮಹಾಭಾರತದ ಪ್ರಸಂಗವೇ ಇದರ ಕಥಾವಸ್ತು. ಇದೇ ವಸ್ತುವಿನ ಮೇಲೆ ಕೃ. ಪ್ರ. ಖಾಡಿಲ್ಕರ್ ಅವರು ಬರೆದ 'ಕೀಚಕವಧ' (1907) ನಾಟಕವನ್ನು, ಕೀಚಕನಲ್ಲಿ ಲಾರ್ಡ್ ಕರ್ಜನ್‌ನ ಛಾಯೆಯಿದೆ ಎಂಬ ಕಾರಣಕ್ಕೆ, ಬ್ರಿಟಿಷ್ ಸರಕಾರ 1910ರಲ್ಲಿ ನಿಷೇಧಿಸಿತ್ತು. ಆದುದರಿಂದ ಕೀಚಕನ ಸಾವು ಪ್ರೇಕ್ಷಕರಿಗೆ ಕೇವಲ ಪುರಾಣವಾಗಿರಲಿಲ್ಲ.

ಬಾಳಾಸಾಹೇಬ್ ಯಾದವ್ ಭೀಮನಾಗಿಯೂ ಝುಂಝಾರರಾವ್ ಪವಾರ್ ಕೀಚಕನಾಗಿಯೂ ಅಭಿನಯಿಸಿದರು. ವಧೆಯ ದೃಶ್ಯವನ್ನು ಎಷ್ಟು ನೈಜವಾಗಿ ಚಿತ್ರಿಸಲಾಗಿತ್ತೆಂದರೆ ಪ್ರೇಕ್ಷಕರು ಚೀರಿದರೆಂದೂ, ಕೆಲವರು ಮೂರ್ಛೆ ಹೋದರೆಂದೂ, ನಟನು ನಿಜವಾಗಿಯೇ ಸತ್ತಿರಬೇಕೆಂಬ ಸಂಶಯ ಹುಟ್ಟಿತೆಂದೂ ಚಿತ್ರರಂಗದಲ್ಲಿ ಪ್ರತೀತಿಯಿದೆ. 1918ರ ಸಿನಿಮಾಟೋಗ್ರಾಫ್ ಕಾಯ್ದೆಯ ಬಳಿಕ ಭಾರತದಲ್ಲಿ ಸೆನ್ಸಾರ್ ವ್ಯವಸ್ಥೆ ರೂಪುಗೊಳ್ಳುತ್ತಿದ್ದ ಕಾಲವದು. ದೃಶ್ಯದ ಭೀಕರತೆಯ ಕಾರಣದಿಂದ ಚಿತ್ರಕ್ಕೆ ಕತ್ತರಿ ಬಿದ್ದಿತು. ಒಂದು ಸಣ್ಣ ಸಂಸ್ಥೆ ಅತ್ಯಂತ ಶ್ರಮವಹಿಸಿ ಸಾಧಿಸಿದ ಪರಿಣಾಮವೇ ಅದರ ಚಿತ್ರಕ್ಕೆ ತೊಡಕಾಯಿತು. ಆದರೂ ಚಿತ್ರ ಯಶಸ್ವಿಯಾಯಿತು. ಬಾಲಗಂಗಾಧರ ತಿಲಕರು ಪೇಂಟರ್ ಅವರಿಗೆ 'ಸಿನಿಮಾ ಕೇಸರಿ' ಎಂಬ ಬಿರುದು ನೀಡಿದರು.

ಇದೇ ಚಿತ್ರದಲ್ಲಿ ಸ್ತ್ರೀಪಾತ್ರಗಳನ್ನು ಗುಲಾಬಬಾಯಿ ಮತ್ತು ಅನಸೂಯಾಬಾಯಿ ಎಂಬ ಇಬ್ಬರು ಮಹಿಳೆಯರು ನಿರ್ವಹಿಸಿದರು. ಫಾಲ್ಕೆಯವರ ಮೊದಲ ಚಿತ್ರದಲ್ಲಿ ತಾರಾಮತಿಯ ಪಾತ್ರವನ್ನು ಪುರುಷರೊಬ್ಬರು ಮಾಡಿದ್ದರು. ಚಿತ್ರನಟನೆಯನ್ನು ಕೀಳಾಗಿ ಕಾಣುತ್ತಿದ್ದ ಅಂದಿನ ಸಮಾಜದಲ್ಲಿ ಈ ಇಬ್ಬರೂ ಅನುಕ್ರಮವಾಗಿ ಕಮಲಾದೇವಿ, ಸುಶೀಲಾದೇವಿ ಎಂಬ ಹೊಸ ಹೆಸರುಗಳಿಂದ ತೆರೆಗೆ ಬಂದರು.

ಅಂದಿನ ಪ್ರಸಾಧನದ ಇತಿಮಿತಿಗಳು

ಈ ಸಾಧನೆಯ ಮಹತ್ವವನ್ನು ತಿಳಿಯಲು ಅಂದಿನ ಪ್ರಸಾಧನದ ಸ್ಥಿತಿಯನ್ನು ಗಮನಿಸಬೇಕು. ಬಯಲಾಟ ಹಾಗೂ ಕಂಪನಿ ನಾಟಕಗಳಲ್ಲಿ ಬಿಳಿಯ ಸಫೇತು, ಹಳದಿಯ ಅರದಾಳ, ಕೆಂಪು ಇಂಗಳೀಕ ಮತ್ತು ಕಾಡಿಗೆಯನ್ನು ಎಣ್ಣೆ ಅಥವಾ ನೀರಿನಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಿದ್ದರು. ದೀಪದ ಬೆಳಕಿನಲ್ಲಿ ದೂರದ ಪ್ರೇಕ್ಷಕರಿಗೆ ಕಾಣಬೇಕಾದುದರಿಂದ ಆ ಬಣ್ಣಗಾರಿಕೆ ದಟ್ಟವಾಗಿರುತ್ತಿತ್ತು.

ಮೂಕಿಚಿತ್ರಗಳ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ. ತುಟಿಗೆ ಹಚ್ಚಿದ ಕೆಂಪು ತೆರೆಯ ಮೇಲೆ ಕಪ್ಪಾಗಿ ಕಾಣುತ್ತಿತ್ತು. ನೀಲಿ ಬಣ್ಣ ಬಿಳಿಚಿಕೊಳ್ಳುತ್ತಿತ್ತು. ಕಂದು ಚರ್ಮ ಇನ್ನಷ್ಟು ಕಪ್ಪಾಗುತ್ತಿತ್ತು. ಕಣ್ಣಿಗೆ ಸರಿಯೆನಿಸಿದ ಬಣ್ಣ ಕ್ಯಾಮೆರಾದಲ್ಲಿ ತಪ್ಪಾಗುತ್ತಿದ್ದುದರಿಂದ, ಪ್ರಸಾಧನ ಮಾಡುವವರು ಪ್ರತಿಯೊಂದು ಬಣ್ಣವೂ ಕಪ್ಪು-ಬಿಳುಪಿನಲ್ಲಿ ಹೇಗೆ ಮೂಡುವುದೆಂದು ಮೊದಲೇ ಅಂದಾಜು ಮಾಡಬೇಕಾಗಿತ್ತು. ಛಾಯೆ-ಬೆಳಕುಗಳ ಅಳತೆ ಬಲ್ಲ ಚಿತ್ರಕಾರನಿಗೆ ಇದು ಒಂದು ಅನುಕೂಲವೇ ಆಗಿತ್ತು.

ಗಾಯ, ಉಬ್ಬು, ವಿಕಾರಗಳನ್ನು ತೋರಿಸುವ ಸಾಧನಗಳೂ ಆಗ ಮಿತವಾಗಿದ್ದವು. ಅಮೆರಿಕದಲ್ಲಿ ಲಾನ್ ಚಾನಿಯವರು 'ದಿ ಹಂಚ್‌ಬ್ಯಾಕ್ ಆಫ್ ನೋಟ್ರ್ ಡಾಮ್' (1923) ಮತ್ತು 'ದಿ ಫ್ಯಾಂಟಮ್ ಆಫ್ ದಿ ಆಪೆರಾ' (1925) ಚಿತ್ರಗಳಲ್ಲಿ ತಮ್ಮ ಮುಖವನ್ನು ತಾವೇ ಮಾರ್ಪಡಿಸಿಕೊಂಡು ಪ್ರಸಿದ್ಧರಾದದ್ದು 'ಸೈರಂಧ್ರಿ'ಯ ನಂತರ. ಜ್ಯಾಕ್ ಪಿಯರ್ಸ್ ಅವರು ಹತ್ತಿ ಮತ್ತು ಕೊಲೋಡಿಯನ್ ದ್ರಾವಣದಿಂದ ಪದರಪದರವಾಗಿ ಕಟ್ಟಿದ 'ಫ್ರಾಂಕೆನ್‌ಸ್ಟೈನ್' ಚಿತ್ರದ ಮುಖ 1931ರದು. ರಬ್ಬರಿನ ನೊರೆಯಿಂದ ಮಾಡಿದ ಮುಖದ ಅಚ್ಚುಗಳು ಹಾಲಿವುಡ್‌ನಲ್ಲಿ ಬಳಕೆಗೆ ಬಂದದ್ದು 1930ರ ದಶಕದ ಕೊನೆಯಲ್ಲಿ. ಇವುಗಳಲ್ಲಿ ಯಾವುದೂ ರೂಢಿಗೆ ಬರುವ ಮುನ್ನವೇ ಕೊಲ್ಹಾಪುರದ ತಂಡವು ಚಿತ್ರಕಲೆ, ಶಿಲ್ಪ, ನಟನೆ ಮತ್ತು ಕ್ಯಾಮೆರಾ ಕೋನಗಳನ್ನು ಕೂಡಿಸಿ ಸಾವನ್ನು ನಂಬಿಸಿತ್ತು.

ನಂತರದ ಮೂಕಿಚಿತ್ರಗಳು

'ಸುರೇಖಾಹರಣ' (1921) ಚಿತ್ರದಲ್ಲಿ ಶಾಂತಾರಾಮ್ ಕೃಷ್ಣನ ಪಾತ್ರದ ಮೂಲಕ ತೆರೆಗೆ ಬಂದರು. ಶಿವಾಜಿಯ ಸೇನಾನಿ ತಾನಾಜಿಯು ಕೊಂಡಾಣಾ ಕೋಟೆಯನ್ನು ಗೆದ್ದ ಕಥೆಯುಳ್ಳ 'ಸಿಂಹಗಡ' (1923) ಚಿತ್ರದಲ್ಲಿ ಪೇಂಟರ್ ಅವರು ಕೃತಕ ಬೆಳಕನ್ನು ಬಳಸಿ ರಾತ್ರಿಯ ದೃಶ್ಯಗಳನ್ನು ಚಿತ್ರೀಕರಿಸಿದರು. ಮುಂಬಯಿಯಲ್ಲಿ ಈ ಚಿತ್ರಕ್ಕೆ ಸೇರಿದ ಜನಸಂದಣಿಯು ಕಂದಾಯ ಇಲಾಖೆಯ ಗಮನ ಸೆಳೆದು, ಮನರಂಜನಾ ತೆರಿಗೆ ಜಾರಿಗೆ ಬರಲು ಕಾರಣವಾಯಿತೆಂದು ಹೇಳಲಾಗುತ್ತದೆ. 'ಕಲ್ಯಾಣ್ ಖಜಿನಾ' (1924) ಚಿತ್ರಕ್ಕೆ ಇಂಗ್ಲೆಂಡಿನ ವೆಂಬ್ಲಿ ಪ್ರದರ್ಶನದಲ್ಲಿ ಪದಕ ದೊರೆಯಿತು.

'ಸಾವಕಾರಿ ಪಾಶ' (1925) ಇವರ ಶ್ರೇಷ್ಠ ಕೃತಿಯೆಂದು ಪರಿಗಣಿತವಾಗಿದೆ. ಸಾಹುಕಾರನ ಸಾಲಕ್ಕೆ ಸಿಲುಕಿ ಹೊಲ ಕಳೆದುಕೊಂಡು ನಗರದ ಗಿರಣಿಯ ಕೂಲಿಯಾಗುವ ರೈತನ ಕಥೆಯಿದು. ಪುರಾಣಪಾತ್ರಗಳ ಕಿರೀಟ-ಕವಚಗಳಿಂದ ಹೆಸರಾಗಿದ್ದ ನಿರ್ದೇಶಕರು ಇಲ್ಲಿ ಅಲಂಕಾರವನ್ನು ಸಂಪೂರ್ಣವಾಗಿ ಕೈಬಿಟ್ಟು, ಬಡತನವನ್ನು ಇದ್ದಂತೆಯೇ ತೋರಿಸಿದರು. ಚಿತ್ರ ವಿಮರ್ಶಕರ ಮೆಚ್ಚುಗೆ ಪಡೆದರೂ ಪ್ರೇಕ್ಷಕರನ್ನು ಹೆಚ್ಚಾಗಿ ಸೆಳೆಯಲಿಲ್ಲ.

ಸಂಸ್ಥೆಯ ಅವನತಿ

ದಾಮ್ಲೆ, ಫತ್ತೇಲಾಲ್, ಶಾಂತಾರಾಮ್, ಕೇಶವರಾವ್ ಧಾಯ್ಬರ್ ಅವರು ಸಂಸ್ಥೆಯನ್ನು ತೊರೆದು, ಸೀತಾರಾಮ್ ಕುಲಕರ್ಣಿಯವರೊಂದಿಗೆ 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಆರಂಭಿಸಿದರು. ಗುರುವಿನಿಂದ ಕಲಿತ ಸೆಟ್, ಬೆಳಕು ಮತ್ತು ವೇಷಭೂಷಣದ ವಿದ್ಯೆಯೇ ಪ್ರಭಾತ್‌ನ ಹಿರಿಮೆಗೆ ಬುನಾದಿಯಾಯಿತು. ಮಾತೃಸಂಸ್ಥೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ಧ್ವನಿಯು ದೃಶ್ಯಕಲೆಯನ್ನು ಕುಂದಿಸುವುದೆಂದು ನಂಬಿದ್ದ ಪೇಂಟರ್ ಅವರಿಗೆ ವಾಕ್ಚಿತ್ರಗಳ ಬಗ್ಗೆ ಉತ್ಸಾಹವಿರಲಿಲ್ಲ. 1930ರ ದಶಕದ ಆರಂಭದಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಮುಚ್ಚಿತು. ಅನಂತರ ಅವರು ಇತರರಿಗಾಗಿ 'ಉಷಾ' (1935), 'ಸಾವಕಾರಿ ಪಾಶ'ದ ವಾಕ್ಚಿತ್ರ ರೂಪ (1936), 'ಪ್ರತಿಭಾ' (1937) ಮುಂತಾದವುಗಳನ್ನು ನಿರ್ದೇಶಿಸಿದರು.

ಸಾಧ್ವಿ ಮೀರಾಬಾಯಿ ಮತ್ತು ಬೀಳಗಿಯ ನಂಟು

'ಸಾಧ್ವಿ ಮೀರಾಬಾಯಿ' (1937) ಚಿತ್ರದಲ್ಲಿ ಮರಾಠಿ ರಂಗಭೂಮಿಯ ಪ್ರಖ್ಯಾತ ಸ್ತ್ರೀಪಾತ್ರಧಾರಿ ಬಾಲಗಂಧರ್ವರು ಮೀರಾಬಾಯಿಯಾಗಿ ಕಾಣಿಸಿಕೊಂಡರು. 1888ರಲ್ಲಿ ಜನಿಸಿದ ಅವರಿಗೆ ಆಗ ಐವತ್ತರ ಸಮೀಪದ ವಯಸ್ಸು. ರಂಗದ ಮೇಲೆ ದೂರದಿಂದ ನೋಡುವ ಪ್ರೇಕ್ಷಕನನ್ನು ಬಣ್ಣ, ಸೀರೆ ಮತ್ತು ಗಾಯನ ಒಪ್ಪಿಸುತ್ತಿದ್ದವು. ಆದರೆ ಕ್ಯಾಮೆರಾ ಮುಖದ ಸನಿಹಕ್ಕೆ ಹೋದಾಗ ವಯಸ್ಸನ್ನು ಮರೆಮಾಡುವುದು ಸುಲಭವಾಗಿರಲಿಲ್ಲ. ಹದಿನೇಳು ವರ್ಷಗಳ ಹಿಂದೆ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಗೇ ಕೊಟ್ಟಿದ್ದ ನಿರ್ದೇಶಕರು ಈಗ ಪುರುಷನೊಬ್ಬನನ್ನು ಮೀರೆಯಾಗಿ ತೋರಿಸಬೇಕಾಯಿತು. ಚಿತ್ರ ಯಶಸ್ಸು ಕಾಣಲಿಲ್ಲ.

ಸ್ವಲ್ಪ ಕಾಲದಲ್ಲೇ ಬೀಳಗಿ ಮೂಲದ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಮಂಡಳಿಯನ್ನು ಸೇರಿ ಸ್ತ್ರೀಪಾತ್ರಗಳನ್ನು ವಹಿಸತೊಡಗಿದರು. ಮುಂದೆ ಅವರ ಜೀವನಸಂಗಾತಿಯೂ ಆದರು. ಗೋಹರಬಾಯಿಯವರ ಸಹೋದರಿ ಅಮೀರಬಾಯಿ ಕರ್ನಾಟಕಿ 'ಕಿಸ್ಮತ್' (1943) ಚಿತ್ರದ ಹಾಡುಗಳಿಂದ ಹಿಂದಿ ಚಿತ್ರರಂಗದಲ್ಲಿ ಹೆಸರಾದರು. ಹೀಗೆ ಪ್ರಸಾಧನದ ಬಲದಿಂದ ದಶಕಗಳ ಕಾಲ ಮೆರೆದ ಪುರುಷನ ಸ್ತ್ರೀವೇಷಕ್ಕೆ ಆ ಮಂಡಳಿಯಲ್ಲಿ ಉತ್ತರಾಧಿಕಾರಿಯಾದವರು ಬೀಳಗಿಯ ಮಹಿಳೆ.

ಕನ್ನಡ ಚಿತ್ರರಂಗ ಮತ್ತು ಕೊಲ್ಹಾಪುರ

ಪೇಂಟರ್ ಅವರ ಪ್ರಯತ್ನಗಳಿಂದ ಕೊಲ್ಹಾಪುರವು ಚಿತ್ರನಿರ್ಮಾಣದ ಕೇಂದ್ರವಾಗಿ ಬೆಳೆಯಿತು. ಕನ್ನಡದಲ್ಲಿ ಬಿಡುಗಡೆಯಾದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರೀಕರಣಗೊಂಡದ್ದು ಇದೇ ನಗರದ ಛತ್ರಪತಿ ಸಿನೆಟೋನ್‌ನಲ್ಲಿ. ವೈ. ವಿ. ರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಎಂ. ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿಯೂ ಆರ್. ನಾಗೇಂದ್ರರಾವ್ ರಾವಣನಾಗಿಯೂ ನಟಿಸಿದರು. ಇದರ ನಿರ್ಮಾಣದಲ್ಲಿ ಪೇಂಟರ್ ಅವರ ಪಾತ್ರವಿರಲಿಲ್ಲ. ಆದರೆ ಸ್ವಂತ ಸ್ಟುಡಿಯೋ ಇಲ್ಲದ ಕನ್ನಡದ ಕಲಾವಿದರಿಗೆ ಆಸರೆಯಾದದ್ದು ಅವರು ರೂಪಿಸಿದ ಚಿತ್ರಪರಂಪರೆಯ ನಗರ.

ಕೊನೆಯ ವರ್ಷಗಳು

ಚಿತ್ರಗಳ ನಡುವಿನ ಅವಧಿಯಲ್ಲಿ ಪೇಂಟರ್ ಅವರು ಚಿತ್ರಕಲೆ ಮತ್ತು ಶಿಲ್ಪದಲ್ಲಿ ತೊಡಗಿದ್ದರು. ಶಿಷ್ಯ ಶಾಂತಾರಾಮರ ಸಂಸ್ಥೆಗಾಗಿ 'ಲೋಕಶಾಹೀರ್ ರಾಮ್ ಜೋಶಿ' (1947) ಚಿತ್ರದ ನಿರ್ದೇಶನದಲ್ಲಿ ಪಾಲ್ಗೊಂಡರು. 'ವಿಶ್ವಾಮಿತ್ರ' (1952) ಅವರ ಕೊನೆಯ ಚಿತ್ರಗಳಲ್ಲಿ ಒಂದು. 16 ಜನವರಿ 1954ರಂದು ನಿಧನರಾದರು.

ಪ್ರಭಾವ

ಪೇಂಟರ್ ಅವರ ಶಿಷ್ಯರಾದ ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ 'ಸಂತ ತುಕಾರಾಮ್' (1936) ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಸೆಟ್, ಬೆಳಕು, ವೇಷ ಮತ್ತು ಪ್ರಸಾಧನಗಳು ಒಬ್ಬನೇ ಕಲಾವಿದನ ಕಲ್ಪನೆಯಿಂದ ಮೂಡಿಬರಬೇಕೆಂಬ ಪದ್ಧತಿಯನ್ನು ಭಾರತೀಯ ಚಿತ್ರರಂಗದಲ್ಲಿ ಮೊದಲಿಗೆ ನೆಲೆಗೊಳಿಸಿದವರಲ್ಲಿ ಬಾಬುರಾವ್ ಪೇಂಟರ್ ಪ್ರಮುಖರು. ಹಣದ ಕೊರತೆಯನ್ನು ಕೈಕೆಲಸದಿಂದ ತುಂಬಿದ ಅವರ ಕ್ರಮವು ಕಡಿಮೆ ವೆಚ್ಚದಲ್ಲಿ ಚಿತ್ರ ನಿರ್ಮಿಸುವವರಿಗೆ ಇಂದಿಗೂ ಮಾದರಿಯಾಗಿದೆ.