ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು

ಗಣಿತವೆಂದರೆ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ಭಯ. ಬೆಳಗಾವಿಯಿರಲಿ, ಖಾನಾಪುರವಿರಲಿ, ಉತ್ತರ ತಿಳಿಯದಿದ್ದರೆ ಊಹಿಸಿ ಬರೆದುಬಿಡುವ ಮಕ್ಕಳಿದ್ದಾರೆ. ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂದು ಅರಿಯುವುದೇ ವಿದ್ಯೆಯ ಮೊದಲ ಮೆಟ್ಟಿಲು. ಇದನ್ನು ಲೆಕ್ಕಗಳ ಮೂಲಕ ಕಲಿಸಿದ ಮಹನೀಯರು ಮಹಾವೀರಾಚಾರ್ಯರು.

ಜೈನ ವಿದ್ವಾಂಸರಾದ ಇವರು 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದರು. ಅಂದಿನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಕವಿರಾಜಮಾರ್ಗ ರಚಿತವಾದದ್ದೂ ಅದೇ ಆಸ್ಥಾನದಲ್ಲಿ. ಅದೇ ಶತಮಾನದಲ್ಲಿ ದೂರದ ಬಗ್ದಾದಿನಲ್ಲಿ ಅಲ್-ಖ್ವಾರಿಜ್ಮಿಯವರು ಬೀಜಗಣಿತದ ಗ್ರಂಥ ಬರೆದರು. ಅಲ್ಗಾರಿದಮ್ ಎಂಬ ಪದ ಬಂದದ್ದು ಅವರ ಹೆಸರಿನಿಂದಲೇ.

ಮಹಾವೀರಾಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಖಗೋಳಶಾಸ್ತ್ರದ ಭಾಗವಾಗಿದ್ದ ಗಣಿತವನ್ನು ಬೇರ್ಪಡಿಸಿ, ಅದಕ್ಕಾಗಿಯೇ ಮೀಸಲಾದ ಪಠ್ಯ ಕೊಟ್ಟರು. ಅಡುಗೆ, ವೈದ್ಯ, ಸಂಗೀತ, ವ್ಯವಹಾರ ಎಲ್ಲಕ್ಕೂ ಲೆಕ್ಕ ಬೇಕೆಂದು ತೋರಿಸಿದರು. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಆರಿಸಿ ಬೆರೆಸಬಹುದು? ಪಟ್ಟಿ ಮಾಡುತ್ತ ಕೂರಬೇಕಿಲ್ಲ. ಅವರ ಸೂತ್ರದಿಂದ 63 ಎಂಬ ಉತ್ತರ ಬರುತ್ತದೆ.

ಅವರ ಇನ್ನೊಂದು ಲೆಕ್ಕ ಹೀಗಿದೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಅದು ತನಗೆ ಸಿಕ್ಕರೆ ತನ್ನ ಹಣ ಉಳಿದಿಬ್ಬರ ಒಟ್ಟು ಹಣದ 2 ಪಟ್ಟಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ಎರಡನೆಯವನು 3 ಪಟ್ಟು, ಮೂರನೆಯವನು 5 ಪಟ್ಟು ಎನ್ನುತ್ತಾರೆ. ಯಾರ ಬಳಿ ಎಷ್ಟಿದೆ ಎಂದು ಯಾರೂ ಹೇಳಿಲ್ಲ! ಚೀಲವೂ ಸೇರಿ ಒಟ್ಟು 24 ಎಂದುಕೊಳ್ಳೋಣ. ಆಗ ಪ್ರತಿಯೊಬ್ಬನ ಮಾತಿನಿಂದ ಉಳಿದಿಬ್ಬರ ಹಣ ಕ್ರಮವಾಗಿ 8, 6, 4. ಇವುಗಳ ಮೊತ್ತ 18. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಬಂದಿರುವುದರಿಂದ ಮೂವರ ಹಣ 9, ಚೀಲದಲ್ಲಿ 15. ಒಬ್ಬೊಬ್ಬರಲ್ಲಿ 1, 3, 5.

ಆದರೆ ಎಲ್ಲವನ್ನೂ ಇಮ್ಮಡಿಸಿದರೂ ಮೂವರ ಮಾತು ನಿಜವೇ ಆಗುತ್ತದೆ. ಅಂದರೆ ಅವರ ಮಾತಿನಿಂದ ನಮಗೆ ಪ್ರಮಾಣ ತಿಳಿಯಿತೇ ಹೊರತು ನಿಜವಾದ ಮೊತ್ತವಲ್ಲ. ಚೀಲ ಬಿಚ್ಚಿ ಎಣಿಸಿದರೆ ಮಾತ್ರ ಅನುಮಾನ ಪೂರ್ತಿ ತೀರುತ್ತದೆ. ಹಲವರಿಗೆ ಸ್ವಲ್ಪ ಸ್ವಲ್ಪವೇ ತಿಳಿದಿರುವಾಗ ನಿಜ ಯಾವುದೆಂದು ತರ್ಕಿಸುವ ಇಂದಿನ ಕಂಪ್ಯೂಟರ್ ವಿಜ್ಞಾನದ ಪ್ರಶ್ನೆಯೂ ಇಂಥದೇ. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸಲು ಹೊರಟರೆ ಯಂತ್ರಕ್ಕೂ ಸಮಯ ಸಾಲದು. ಹತ್ತಿರದ ದಾರಿ ಬೇಕು.

ಆಚಾರ್ಯರೂ ಒಂದೆಡೆ ತಪ್ಪಿದರು: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದು ಎಂದರು. ಆದರೂ ಅವರ ಗ್ರಂಥ ದಕ್ಷಿಣ ಭಾರತದಲ್ಲಿ ಬಹುಕಾಲ ಓದಲ್ಪಟ್ಟಿತು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದ್ರಾಸಿನಿಂದ ಪ್ರಕಟವಾಯಿತು.

ವಿದ್ಯಾರ್ಥಿ ಮಿತ್ರರೇ, ತಿಳಿಯದ್ದನ್ನು ತಿಳಿಯದೆಂದು ಒಪ್ಪಲು ನಾಚಬೇಡಿ. ಖಾನಾಪುರದ ಬಸ್ಸಿನಲ್ಲಿ ಕುಳಿತಾಗ ಪಟ್ಟುಗಳನ್ನು ಬದಲಿಸಿ ಈ ಲೆಕ್ಕವನ್ನು ನೀವೇ ಬಿಡಿಸಿ ನೋಡಿ.