ಹಾಫ್ಕಿನನೂ ನಮ್ಮೂರಿನ ಪ್ಲೇಗೂ

ಕೆಲಗೇರಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಪ್ಲೇಗಿನ ಕಾಲದ ಕಥೆಯನ್ನು ನಮ್ಮಜ್ಜಿ ತನ್ನ ಅತ್ತೆಯಿಂದ ಕೇಳಿದ್ದಳು, ನನಗೂ ಹೇಳಿದ್ದಳು. ಆ ಮಾರಿಗೆ ಇದಿರು ನಿಂತ ವಾಲ್ಡೆಮಾರ್ ಹಾಫ್ಕಿನನ ಹೆಸರು ಮಾತ್ರ ನನಗೆ ದೊರೆತದ್ದು ಗ್ರಂಥಾಲಯದಲ್ಲಿ. ನಾನು ಕಲಾಶಾಖೆಯ ವಿದ್ಯಾರ್ಥಿ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಹಾಫ್ಕಿನನು 1860ರಲ್ಲಿ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ, ಯಹೂದಿ ಕುಟುಂಬದಲ್ಲಿ ಜನಿಸಿದನು. ಆತನು ಓದಿದ್ದು ಪ್ರಾಣಿಶಾಸ್ತ್ರ. ವೈದ್ಯ ಪದವಿ ಇರಲಿಲ್ಲ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಗ್ರಂಥಪಾಲಕನಾಗಿ ಸೇರಿ, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಗೊಳಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಭಾರತಕ್ಕೆ ಬಂದನು.

1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಸರಕಾರವು ಹಾಫ್ಕಿನನನ್ನು ಅಲ್ಲಿಗೆ ಕಳುಹಿಸಿತು. ಲಸಿಕೆ ಬೇಕಾದರೆ ಮೊದಲು ರೋಗಾಣುವನ್ನೇ ಬೆಳೆಸಬೇಕು. ಅದರೊಡನೆ ಬೇರೆ ಯಾವ ಜೀವಾಣುವೂ ಬೆರೆಯಬಾರದು. ಹಿಂದೂ ಮುಸಲ್ಮಾನರಿಬ್ಬರ ಮನಸ್ಸೂ ನೋಯದಂತೆ ಆತನು ಆಡಿನ ಮಾಂಸದ ಸಾರನ್ನು ಬಳಸಿದನು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಸೀಸೆಯನ್ನು ಅಲುಗಾಡದಂತೆ ಇಟ್ಟರೆ, ಪ್ಲೇಗಿನ ಜೀವಾಣುಗಳು ಆ ಹನಿಗಳಿಂದ ಬಿಳಲುಗಳಂತೆ ಕೆಳಗಿಳಿಯುತ್ತಿದ್ದವು. ಬೆಳೆ ಶುದ್ಧವಾಗಿದೆಯೆಂಬುದಕ್ಕೆ ಆ ಬಿಳಲುಗಳೇ ಗುರುತು. ಆಗಾಗ ಸೀಸೆಯನ್ನು ಕುಲುಕಿ ಅವನ್ನು ತಳಕ್ಕೆ ಬೀಳಿಸಿ, ಹೊಸ ಬೆಳೆಗೆ ಎಡೆಮಾಡುತ್ತಿದ್ದನು. ಕೆಲವು ವಾರಗಳ ತರುವಾಯ ಕಾಯಿಸಿ ರೋಗಾಣುಗಳನ್ನು ಕೊಂದು, ಮದ್ದನ್ನು ಸೀಸೆಗಳಲ್ಲಿ ಭದ್ರವಾಗಿ ಮುಚ್ಚಿಡುತ್ತಿದ್ದರು. 1897ರ ಜನವರಿ 10ರಂದು ಈ ಲಸಿಕೆಯನ್ನೂ ಆತನು ಮೊದಲು ತನ್ನ ಮೇಲೆಯೇ ಪರೀಕ್ಷಿಸಿಕೊಂಡನು.

1898ರಲ್ಲಿ ಪ್ಲೇಗು ನಮ್ಮ ಸೀಮೆಯಲ್ಲಿ ಹಬ್ಬಿದಾಗ, ಹುಬ್ಬಳ್ಳಿಯೊಂದರಲ್ಲೇ ಮೂವತ್ತು ಸಾವಿರಕ್ಕೂ ಮಿಕ್ಕಿ ಜನರು ಈ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದು ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ತೀರಿಕೊಂಡರು. ತಪ್ಪು ಪ್ರಯೋಗಾಲಯದ್ದೆಂದು ಹೇಳಿ ಹಾಫ್ಕಿನನನ್ನು ಅಧಿಕಾರದಿಂದ ಇಳಿಸಿದರು. ಸೀಸೆಯನ್ನು ತೆರೆಯುವಾಗ ಇಕ್ಕುಳವು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಮಾಡದೆಯೇ ಬಳಸಿದ್ದರು. ವಾರಗಟ್ಟಲೆ ಕಾದುಕೊಂಡು ಬಂದ ಶುದ್ಧಿಯು ಒಂದು ಕ್ಷಣದಲ್ಲಿ ಕೆಟ್ಟಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಆತನ ಪರವಾಗಿ ನಿಂತರು. 1907ರಲ್ಲಿ ಕಳಂಕ ಕಳೆಯಿತು. ಆತನು ಮರಳಿ ಕಲಕತ್ತೆಗೆ ಬಂದು ದುಡಿದನಾದರೂ ಮುಂಬಯಿಯ ಹಳೆಯ ಸ್ಥಾನ ಮತ್ತೆ ದೊರೆಯಲಿಲ್ಲ. 1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಆತನ ಹೆಸರನ್ನೇ ಇಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆತನು ಕಾಲವಾದನು.

ಇದನ್ನೆಲ್ಲ ನಮ್ಮಜ್ಜಿಗೆ ಓದಿ ಹೇಳಿದೆನು. ತುಪ್ಪದ ಮಾತು ಕೇಳಿ ನಕ್ಕಳು. ಹತ್ತೊಂಬತ್ತು ಜನರ ಮಾತು ಕೇಳಿ ಬಹಳ ಹೊತ್ತು ಸುಮ್ಮನೆ ಕುಳಿತಳು.