ಎಸ್. ನಿಜಲಿಂಗಪ್ಪ

ಸಿದ್ದವನಹಳ್ಳಿ ನಿಜಲಿಂಗಪ್ಪ (ಜನನ: 10 ಡಿಸೆಂಬರ್ 1902, ನಿಧನ: ಆಗಸ್ಟ್ 2000) ಸ್ವಾತಂತ್ರ್ಯ ಹೋರಾಟಗಾರರು, ವಕೀಲರು ಹಾಗೂ ರಾಜಕಾರಣಿ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯ ರಚನೆಯಾದಾಗ ಅದರ ಮೊದಲ ಮುಖ್ಯಮಂತ್ರಿಯಾದರು. 1956ರಿಂದ 1958ರವರೆಗೆ ಮತ್ತು 1962ರಿಂದ 1968ರವರೆಗೆ ಎರಡು ಅವಧಿಗಳಲ್ಲಿ ಆ ಹುದ್ದೆಯಲ್ಲಿದ್ದರು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1969ರಲ್ಲಿ ಪಕ್ಷ ಒಡೆದಾಗ ಪ್ರಧಾನಿ ಇಂದಿರಾ ಗಾಂಧಿಯವರ ವಿರುದ್ಧ ಬಣದ ನೇತೃತ್ವ ವಹಿಸಿದ್ದರು. ಚಿತ್ರದುರ್ಗದಂತಹ ಸಣ್ಣ ಜಿಲ್ಲಾ ಕೇಂದ್ರದಲ್ಲಿ ವಕೀಲಿ ವೃತ್ತಿಯಿಂದ ಸಾರ್ವಜನಿಕ ಜೀವನ ಆರಂಭಿಸಿದ ಅವರು ರಾಜಕೀಯದಿಂದ ದೂರವಾದ ಮೇಲೆ ಮರಳಿ ಅದೇ ಊರಿನಲ್ಲಿ ನೆಲೆಸಿದರು.

ಜನನ ಮತ್ತು ವಿದ್ಯಾಭ್ಯಾಸ

ನಿಜಲಿಂಗಪ್ಪನವರು ಹುಟ್ಟಿದ್ದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಹರಪನಹಳ್ಳಿ ತಾಲ್ಲೂಕಿನ ಈ ಊರು ಆಗ ಬ್ರಿಟಿಷರ ಆಳ್ವಿಕೆಯ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಪ್ರಾಥಮಿಕ ಶಿಕ್ಷಣವನ್ನು ದಾವಣಗೆರೆಯಲ್ಲಿ, ಪ್ರೌಢ ಶಿಕ್ಷಣವನ್ನು ಚಿತ್ರದುರ್ಗದಲ್ಲಿ ಪಡೆದರು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು, 1926ರಲ್ಲಿ ಪುಣೆಯ ಕಾನೂನು ಕಾಲೇಜಿನಲ್ಲಿ ಕಾನೂನು ವ್ಯಾಸಂಗವನ್ನು ಪೂರ್ಣಗೊಳಿಸಿದರು. ಬಸವಣ್ಣನವರ ವಿಚಾರಗಳು ಮತ್ತು ಗಾಂಧೀಜಿಯವರ ಬರಹಗಳು ಅವರ ಮೇಲೆ ಪ್ರಭಾವ ಬೀರಿದವು.

ಮದರಾಸು ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಬೆಳೆದು, ಮುಂಬಯಿ ಪ್ರಾಂತ್ಯದಲ್ಲಿ ಕಾನೂನು ಓದಿದ ಅವರಿಗೆ, ಕನ್ನಡ ನಾಡು ಹಲವು ಆಡಳಿತಗಳ ನಡುವೆ ಹಂಚಿಹೋಗಿದ್ದುದರ ಪರಿಚಯ ವಿದ್ಯಾರ್ಥಿ ದೆಸೆಯಲ್ಲಿಯೇ ಆಗಿತ್ತು.

ವಕೀಲಿ ವೃತ್ತಿ ಮತ್ತು ಸ್ವಾತಂತ್ರ್ಯ ಹೋರಾಟ

ಪುಣೆಯಿಂದ ಮರಳಿದ ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಕೈಗೊಂಡರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಅವರು ಕಂಡಿದ್ದರು. 1936ರ ಸುಮಾರಿಗೆ ಹಿಂದೂಸ್ತಾನಿ ಸೇವಾದಳದ ಸ್ಥಾಪಕರಾದ ಡಾ. ನಾ. ಸು. ಹರ್ಡೀಕರರ ಸಂಪರ್ಕಕ್ಕೆ ಬಂದ ಮೇಲೆ ಕಾಂಗ್ರೆಸ್ ಸಂಘಟನೆಯಲ್ಲಿ ಸಕ್ರಿಯರಾದರು.

1938ರ ಏಪ್ರಿಲ್ ತಿಂಗಳಲ್ಲಿ ನಡೆದ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರ್ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆಯನ್ನು ಜನರ ಚಳವಳಿಯನ್ನಾಗಿ ಮಾಡಿದ್ದವು. ಮರುವರ್ಷ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡ ಇಳಿಸಲು ಬಳಸುತ್ತಿದ್ದ ಈಚಲು ಮರಗಳನ್ನು ಕಡಿಯುವುದು ಅದರ ವಿಧಾನವಾಗಿತ್ತು. ಅಬ್ಕಾರಿ ಸರ್ಕಾರದ ಆದಾಯದ ಮೂಲಗಳಲ್ಲಿ ಒಂದಾಗಿದ್ದುದರಿಂದ ಮರ ಕಡಿಯುವುದು ಪಾನನಿರೋಧದ ಪ್ರಚಾರವೂ ಆಗಿತ್ತು, ಸರ್ಕಾರದ ಕಾನೂನನ್ನು ಬಹಿರಂಗವಾಗಿ ಮುರಿಯುವ ಕ್ರಮವೂ ಆಗಿತ್ತು. ಇದರಲ್ಲಿ ಪಾಲ್ಗೊಂಡ ನಿಜಲಿಂಗಪ್ಪನವರು ಸೆರೆವಾಸ ಅನುಭವಿಸಿದರು. ಅವರ ವಕೀಲಿ ಸನ್ನದು ರದ್ದಾಯಿತು. ಅಲ್ಲಿಂದ ಮುಂದೆ ಅವರ ಬದುಕು ಪೂರ್ಣವಾಗಿ ರಾಜಕೀಯದ ಕಡೆಗೆ ತಿರುಗಿತು.

ಕರ್ನಾಟಕ ಏಕೀಕರಣ

ಕಾಂಗ್ರೆಸ್ ಪಕ್ಷ 1920ರ ನಾಗಪುರ ಅಧಿವೇಶನದ ನಂತರ ಭಾಷೆಯ ಆಧಾರದಲ್ಲಿ ಪ್ರಾಂತ ಸಮಿತಿಗಳನ್ನು ರಚಿಸಿತ್ತು. ಹೀಗಾಗಿ ಕರ್ನಾಟಕವೆಂಬ ರಾಜ್ಯ ಇಲ್ಲದಿದ್ದರೂ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಇತ್ತು. 1946ರಲ್ಲಿ ನಿಜಲಿಂಗಪ್ಪನವರು ಇದರ ಅಧ್ಯಕ್ಷರಾದರು. ಭಾರತದ ಸಂವಿಧಾನ ರಚನಾ ಸಭೆಗೆ ಮುಂಬಯಿ ಪ್ರಾಂತ್ಯದಿಂದ ಸದಸ್ಯರಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಸ್ವಾತಂತ್ರ್ಯಾನಂತರ ಏಕೀಕರಣದ ವಿಷಯದಲ್ಲಿ ಕಾಂಗ್ರೆಸ್ ನಾಯಕರು ಇಕ್ಕಟ್ಟಿಗೆ ಸಿಲುಕಿದ್ದರು. ಪಕ್ಷದ ವರಿಷ್ಠರು ಭಾಷಾವಾರು ರಾಜ್ಯಗಳ ಬಗ್ಗೆ ಹಿಂದೇಟು ಹಾಕುತ್ತಿದ್ದರೆ, ಉತ್ತರ ಕರ್ನಾಟಕದ ಜನ ವಿಳಂಬವನ್ನು ಸಹಿಸದ ಸ್ಥಿತಿಯಲ್ಲಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಕೈಗೊಂಡ ಉಪವಾಸದ ಸಂದರ್ಭದಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ್ದ ಪ್ರಾಂತ ಕಾಂಗ್ರೆಸ್ಸಿನ ಸಭೆಯೇ ಜನರ ಆಕ್ರೋಶಕ್ಕೆ ಗುರಿಯಾಯಿತು. ಇನ್ನೊಂದೆಡೆ ಹಳೆಯ ಮೈಸೂರಿನ ಕೆಲವು ನಾಯಕರು ವಿಲೀನವನ್ನು ವಿರೋಧಿಸಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತದ್ದು ಈ ಹಂತದಲ್ಲಿ ಮಹತ್ವದ್ದಾಗಿತ್ತು. ಫಜಲ್ ಅಲಿ ಆಯೋಗ 1955ರಲ್ಲಿ ವರದಿ ನೀಡಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ ಅಂಗೀಕಾರವಾಯಿತು.

ಮೊದಲ ಅವಧಿ (1956–1958)

1956ರ ನವೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸಿನಿಂದ ಬಂದ ಪ್ರದೇಶಗಳು ಮತ್ತು ಕೊಡಗು ಹೀಗೆ ಐದು ಭಾಗಗಳಿಂದ ರಾಜ್ಯ ಕೂಡಿತ್ತು. ಭೂ ಕಂದಾಯ, ಗೇಣಿ ಪದ್ಧತಿ, ಶಾಲಾ ಪಠ್ಯ, ನ್ಯಾಯಾಲಯದ ವ್ಯವಹಾರ, ನೌಕರರ ಸೇವಾ ನಿಯಮ ಎಲ್ಲವೂ ಒಂದೊಂದು ಭಾಗದಲ್ಲಿ ಒಂದೊಂದು ರೀತಿಯಲ್ಲಿದ್ದವು. ಇವುಗಳನ್ನು ಒಂದೇ ಆಡಳಿತದ ಚೌಕಟ್ಟಿಗೆ ತರುವುದು ಹೊಸ ಸರ್ಕಾರದ ಮೊದಲ ಹೊಣೆಯಾಗಿತ್ತು.

1957ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಆದರೆ ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರ ಮೇ ತಿಂಗಳಲ್ಲಿ ಅಧಿಕಾರ ಬಿಡಬೇಕಾಯಿತು. ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾದರು.

ಸೋಲು ಮತ್ತು ಎರಡನೆಯ ಅವಧಿ (1962–1968)

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಗಳಿಸಿತಾದರೂ ನಿಜಲಿಂಗಪ್ಪನವರು ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಜಿ. ಟಿ. ರಂಗಪ್ಪನವರ ಎದುರು ಸೋತರು. ಎಸ್. ಆರ್. ಕಂಠಿಯವರು ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ನಂತರ ತೆರವಾದ ಬಾಗಲಕೋಟೆ ಕ್ಷೇತ್ರದಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾದ ಮೇಲೆ ಕಂಠಿಯವರು ಸ್ಥಾನ ಬಿಟ್ಟುಕೊಟ್ಟರು. 1962ರ ಜೂನ್ 21ರಂದು ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾದರು. ಏಕೀಕರಣಕ್ಕೆ ಮೊದಲು ಮುಂಬಯಿ ರಾಜ್ಯದಲ್ಲಿದ್ದ ಊರೊಂದು ಚಿತ್ರದುರ್ಗದ ನಾಯಕರನ್ನು ಹೀಗೆ ವಿಧಾನಸಭೆಗೆ ಕಳಿಸಿತು. 1967ರಲ್ಲಿ ಅವರು ಶಿಗ್ಗಾಂವಿಯಿಂದ ಗೆದ್ದರು.

ಈ ಆರು ವರ್ಷಗಳಲ್ಲಿ ನೀರಾವರಿ, ವಿದ್ಯುತ್ ಮತ್ತು ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಹಲವು ಕಾರ್ಯಗಳು ನಡೆದವು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 1965ರ ಜನವರಿಯಲ್ಲಿ ಶರಾವತಿ ಜಲವಿದ್ಯುತ್ ಯೋಜನೆಯನ್ನೂ ಅವರೇ ಉದ್ಘಾಟಿಸಿದರು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದವು.

ಪಾನನಿರೋಧಕ್ಕಾಗಿ ಈಚಲು ಮರ ಕಡಿದು ಸೆರೆಮನೆ ಸೇರಿದ್ದ ನಿಜಲಿಂಗಪ್ಪನವರ ಸರ್ಕಾರವೇ 1967ರಲ್ಲಿ ರಾಜ್ಯದಲ್ಲಿ ಪಾನನಿರೋಧವನ್ನು ತೆರವುಗೊಳಿಸಿತು. ಅಬ್ಕಾರಿ ಆದಾಯ ಮತ್ತೆ ರಾಜ್ಯದ ಬೊಕ್ಕಸಕ್ಕೆ ಸೇರತೊಡಗಿತು.

ಗಡಿ ವಿವಾದದ ಪರಿಶೀಲನೆಗಾಗಿ ಕೇಂದ್ರ ಸರ್ಕಾರ 1966ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿದಾಗಲೂ ಇವರೇ ಮುಖ್ಯಮಂತ್ರಿಯಾಗಿದ್ದರು. 1967ರಲ್ಲಿ ಬಂದ ವರದಿ ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದೂ, ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದೂ ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. ಶಿಫಾರಸುಗಳು ಜಾರಿಗೆ ಬರಲಿಲ್ಲ.

ಕಾಂಗ್ರೆಸ್ ಅಧ್ಯಕ್ಷತೆ ಮತ್ತು 1969ರ ವಿಭಜನೆ

1968ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟರು. ವೀರೇಂದ್ರ ಪಾಟೀಲರು ಆ ಸ್ಥಾನಕ್ಕೆ ಬಂದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಯ ವೇಳೆ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ, ನೀಲಂ ಸಂಜೀವರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯಾಗಿ ಆರಿಸಿತು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿಯವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂಪಡೆದು, 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು.

ಪಕ್ಷದ ಅಧಿಕೃತ ಅಭ್ಯರ್ಥಿಗೆ ಮತ ನೀಡುವುದು ಸದಸ್ಯರ ಕರ್ತವ್ಯವೆಂಬುದು ನಿಜಲಿಂಗಪ್ಪನವರ ನಿಲುವಾಗಿತ್ತು. ಸಂಜೀವರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೋರಿ ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದದ್ದು ಟೀಕೆಗೆ ಒಳಗಾಯಿತು. ಪ್ರಧಾನಿಯ ಬೆಂಬಲಿಗರು ಆತ್ಮಸಾಕ್ಷಿಯಂತೆ ಮತ ನೀಡುವ ಸ್ವಾತಂತ್ರ್ಯ ಬೇಕೆಂದರು. ಪಕ್ಷೇತರರಾಗಿ ಸ್ಪರ್ಧಿಸಿದ್ದ ವಿ. ವಿ. ಗಿರಿಯವರು ಗೆದ್ದರು. ಚುನಾಯಿತ ಪ್ರಧಾನಿ ಮತ್ತು ಪಕ್ಷದ ಸಂಘಟನೆ ಇವುಗಳಲ್ಲಿ ಯಾವುದರ ಮಾತು ಅಂತಿಮ ಎಂಬ ಪ್ರಶ್ನೆ ಇದರಿಂದ ಬಹಿರಂಗಕ್ಕೆ ಬಂತು. ನವೆಂಬರ್ 1ರಂದು ದೆಹಲಿಯಲ್ಲಿ ಎರಡು ಬಣಗಳು ಪ್ರತ್ಯೇಕವಾಗಿ ಕಾರ್ಯಕಾರಿ ಸಮಿತಿಯ ಸಭೆ ನಡೆಸಿದವು. ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಬಣ ಪ್ರಧಾನಿಯನ್ನು ಪಕ್ಷದಿಂದ ಉಚ್ಚಾಟಿಸಿತು. ಆದರೆ ಹೆಚ್ಚಿನ ಸಂಸದರು ಇಂದಿರಾ ಗಾಂಧಿಯವರ ಜೊತೆಗೆ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್ ಕೇವಲ 16 ಸ್ಥಾನಗಳನ್ನು ಪಡೆಯಿತು. ಅದೇ ವರ್ಷ ಕರ್ನಾಟಕದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಪತನಗೊಂಡಿತು. 1972ರ ಚುನಾವಣೆಯ ನಂತರ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು.

ಕೊನೆಯ ವರ್ಷಗಳು

ವಿಭಜನೆಯ ನಂತರ ನಿಜಲಿಂಗಪ್ಪನವರು ಕ್ರಮೇಣ ಸಕ್ರಿಯ ರಾಜಕೀಯದಿಂದ ದೂರ ಸರಿದರು. ಚಿತ್ರದುರ್ಗದ ತಮ್ಮ ಮನೆಯಲ್ಲಿ ಸರಳ ಜೀವನ ನಡೆಸಿದರು. ತಮ್ಮ ಆತ್ಮಕಥೆಯನ್ನೂ ಬರೆದರು. 2000ರ ಆಗಸ್ಟ್‌ನಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಚಿತ್ರದುರ್ಗದಲ್ಲಿ ನಿಧನರಾದರು. ಅವರ ಸಮಾಧಿ ಚಿತ್ರದುರ್ಗದ ಸಮೀಪದ ಸೀಬಾರದಲ್ಲಿದೆ.

ಸ್ಮರಣೆ

ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಬೆಂಗಳೂರಿನ ರಾಜಾಜಿನಗರದಲ್ಲಿರುವ ಕೆ.ಎಲ್.ಇ. ಸಂಸ್ಥೆಯ ಎಸ್. ನಿಜಲಿಂಗಪ್ಪ ಕಾಲೇಜು ಅವರ ಹೆಸರನ್ನು ಹೊಂದಿವೆ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಂಬ ಕಾರಣಕ್ಕೆ ಪ್ರತಿವರ್ಷ ಕನ್ನಡ ರಾಜ್ಯೋತ್ಸವದ ಸಂದರ್ಭದಲ್ಲಿ ಅವರನ್ನು ನೆನೆಯಲಾಗುತ್ತದೆ.